ನಾಕುಮಾಳಿಗೆಗೆ ಸೋಗೆ ಉಡಿಸಿದವನು

ಕೊಪ್ಪದ ಪೇಟೆಯಲ್ಲಿ ನಾಕುಮಾಳಿಗೆ ಎಂದರೆ ಒಂದೇ ಕಟ್ಟಡ. ಈಗ ಅದರ ಆಚೀಚೆ ಐದು ಅಂತಸ್ತಿನ ಲಾಡ್ಜು, ಗಾಜಿನ ಮುಖದ ಮಳಿಗೆಗಳೆಲ್ಲ ಎದ್ದು ನಿಂತಿವೆ. ಆದರೂ ಶೃಂಗೇರಿ ಬಸ್ಸಿನಲ್ಲಿ ಬರುವ ಮುದುಕರು ಕಂಡಕ್ಟರಿಗೆ ಹೇಳುವುದು "ನಾಕುಮಾಳಿಗೆ ಹತ್ರ ಒಂಚೂರು ನಿಲ್ಸಿ ಮಾರಾಯ್ರೆ" ಎಂದೇ. ನಾಲ್ಕು ಅಂತಸ್ತಿಗೆ ಇಷ್ಟು ಜಂಬವೇ ಎಂದು ದೊಡ್ಡ ಊರಿನವರು ನಗಬಹುದು. ನಗಲಿ. ಅವರ ಊರಿನಲ್ಲಿ ಮುಗಿಲು ಬಹಳ ಮೇಲಿದೆ, ಅದನ್ನು ಮುಟ್ಟಲು ನೂರು ಅಂತಸ್ತು ಬೇಕು. ನಮ್ಮಲ್ಲಿ ಜೂನ್ ಬಂತೆಂದರೆ ಮುಗಿಲೇ ಇಳಿದು ಬಂದು ಬಸ್‌ಸ್ಟ್ಯಾಂಡಿನಲ್ಲಿ ಕೂರುತ್ತದೆ. ಅದನ್ನು ಮುಟ್ಟಲು ನಾಲ್ಕು ಧಾರಾಳವಾಯಿತು.

ಈ ಗಗನಚುಂಬಿಯನ್ನು ಕಟ್ಟಿಸಿದವರು ಜಲಾಲುದ್ದೀನ್ ಸಾಹುಕಾರರ ತಂದೆ, ಏಲಕ್ಕಿ ವ್ಯಾಪಾರಿ. ಸ್ವಾತಂತ್ರ್ಯ ಬರುವ ಏಳೆಂಟು ವರ್ಷ ಮೊದಲು ಏಲಕ್ಕಿ ಮೂಟೆಗಳ ಜೊತೆ ಬೊಂಬಾಯಿಗೆ ಹೋದವರು ಅಲ್ಲಿನ ಎತ್ತರದ ಕಟ್ಟಡಗಳನ್ನು ಕತ್ತು ನೋಯುವಷ್ಟು ನೋಡಿ ಬಂದರು. ಬಂದವರೇ, ಇಳಿಜಾರಿನಲ್ಲಿದ್ದ ತಮ್ಮ ಇಕ್ಕಟ್ಟಾದ ಜಾಗದಲ್ಲಿ ಅಂಥದೇ ಒಂದನ್ನು ಎಬ್ಬಿಸುತ್ತೇನೆಂದು ಪಾಯ ತೆಗೆಸಿದರು. ಊರೆಲ್ಲ ನಕ್ಕಿತು. ಮೊದಲ ಮಳೆಗೇ ಅದು ನೆನೆದ ಬೆಲ್ಲದ ಹಾಗೆ ಕೂತುಬಿಡುತ್ತದೆ ಎಂದು ಹಿರೇಕೊಡಿಗೆಯಿಂದ ಹಿಡಿದು ಮುತ್ತಿನಕೊಪ್ಪದವರೆಗೆ ಜನ ಆಡಿಕೊಂಡರು.

ಆಡಿಕೊಂಡವರ ಮಾತು ಪೂರ್ತಿ ಸುಳ್ಳೇನಲ್ಲ. ಮಲೆನಾಡಿನಲ್ಲಿ ಎಲ್ಲರೂ ಮನೆಯನ್ನು ತಗ್ಗಿಸಿ ಕಟ್ಟುವುದು ಸುಮ್ಮನೆ ಅಲ್ಲ. ಮೇಲಿಂದ ಸುರಿಯುವ ಮಳೆಯನ್ನು ಹೆಂಚು ನೋಡಿಕೊಳ್ಳುತ್ತದೆ. ಪಡುವಣದಿಂದ ಅಡ್ಡಡ್ಡ ಬಂದು ಹೊಡೆಯುವ ಇರಚಲನ್ನು ನೋಡಿಕೊಳ್ಳುವವರು ಯಾರು? ಗೋಡೆ ಎತ್ತರವಾದಷ್ಟೂ ಅದಕ್ಕೆ ಸಿಕ್ಕುವುದು ಹೆಚ್ಚು. ಕಟ್ಟಿದ ಮೇಸ್ತ್ರಿಗೆ ಇದು ಗೊತ್ತಿತ್ತು. ಕೆಳಗಿನ ಎರಡು ಅಂತಸ್ತಿಗೆ ಕೆಂಪು ಜಂಬಿಟ್ಟಿಗೆ ಕಲ್ಲು, ತೋಳುದ್ದ ದಪ್ಪದ ಗೋಡೆ. ಮೇಲೇರಿದಂತೆ ಗೋಡೆ ತೆಳ್ಳಗಾಗುತ್ತದೆ. ನಾಲ್ಕನೆಯದು ಬರೀ ಹಲಗೆಯ ಕೋಣೆ, ಭಾರವೇ ಇಲ್ಲ. ಕಲ್ಲಿಗೆ ಕಲ್ಲು ಕೂಡಿಸಿದ್ದು ಮಣ್ಣಿನಿಂದ, ಮೇಲೆ ಸುಣ್ಣದ ಗಾರೆ. ಒಂದೊಂದು ಅಂತಸ್ತಿಗೂ ಹೊನ್ನೆ ಮರದ ತೊಲೆಗಳ ಸಾಲು. ಪಡುಗೋಡೆಯಲ್ಲಿ ಮಾತ್ರ ಆ ತೊಲೆಗಳ ತಲೆಗಳು ಗೋಡೆ ದಾಟಿ ಒಂದು ಮೊಳ ಹೊರಗೆ ಚಾಚಿಕೊಂಡಿದ್ದವು.

ನೋಡಿದವರು ಅದನ್ನು ಅಲಂಕಾರ ಎಂದುಕೊಳ್ಳುತ್ತಿದ್ದರು. ಅಲಂಕಾರವೂ ಅಲ್ಲ, ಮಣ್ಣೂ ಅಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ ಆ ತಲೆಗಳಿಗೆ ಸೀಳಿದ ಅಡಿಕೆ ಮರದ ದಬ್ಬೆಗಳನ್ನು ಅಡ್ಡಕ್ಕೆ ಬಿಗಿಯಬೇಕು. ದಬ್ಬೆಗಳಿಗೆ ಅಡಿಕೆಯ ಒಣಗಿದ ಸೋಗೆಯನ್ನು, ಎಂದರೆ ಗರಿಗಳನ್ನು, ಒತ್ತೊತ್ತಾಗಿ ಇಳಿಬಿಡಬೇಕು. ಹೀಗೆ ಪಡುಗೋಡೆಗೆ ನೆತ್ತಿಯಿಂದ ಪಾದದವರೆಗೆ ಸೋಗೆ ಉಡಿಸಿದರೆ ಮಳೆ ಸೋಗೆಯ ಮೇಲೆ ಜಾರಿ ಹೋಗುತ್ತದೆ, ಗೋಡೆ ಬೆಚ್ಚಗಿರುತ್ತದೆ. ಸೋಗೆಗೂ ಗೋಡೆಗೂ ನಡುವೆ ಗಾಳಿಯಾಡಲು ಒಂದು ಗೇಣು ಸಂದು ಇರಬೇಕು. ದೀಪಾವಳಿ ಕಳೆದ ಕೂಡಲೇ ಎಲ್ಲ ಬಿಚ್ಚಿ ಗೋಡೆಗೆ ಬಿಸಿಲು ಕಾಣಿಸಬೇಕು. ತಗ್ಗು ಮನೆಗಳಿಗೆ ಈ ಕೆಲಸವನ್ನು ಹೆಂಗಸರೂ ಮಾಡುತ್ತಾರೆ. ನಾಲ್ಕು ಅಂತಸ್ತಿಗೆ ಮಾಡಲು ಮಾತ್ರ ಎತ್ತರದ ಹೆದರಿಕೆಯೇ ಇಲ್ಲದ ಒಬ್ಬ ಬೇಕು.

ಆ ಒಬ್ಬ ಪಕ್ಕದ ನಾರ್ವೆ ಹಳ್ಳಿಯ ಗಿಡ್ಡಯ್ಯ. ಹೆಸರಿಗೆ ತಕ್ಕ ಹಾಗೆ ಐದಡಿಗೆ ಎರಡು ಇಂಚು ಕಡಿಮೆ. ಪೇಟೆಯ ಅತಿ ಎತ್ತರದ ಕಟ್ಟಡಕ್ಕೆ ತಾಲ್ಲೂಕಿನ ಅತಿ ಕುಳ್ಳ ಮನುಷ್ಯನನ್ನು ದೇವರು ಗೊತ್ತು ಮಾಡಿದ್ದು ತಮಾಷೆಗೇ ಇರಬೇಕು. ಅವನು ಕೊನೆಗಾರ, ಎಂದರೆ ಅಡಿಕೆ ಮರ ಹತ್ತಿ ಗೊನೆ ಇಳಿಸುವವನು. ಒಂದು ಮರ ಹತ್ತಿದರೆ ಇಳಿಯುವ ಪೈಕಿ ಅಲ್ಲ. ಮರವನ್ನೇ ಬಗ್ಗಿಸಿ ಪಕ್ಕದ ಮರಕ್ಕೆ ದಾಟಿ, ಅಲ್ಲಿಂದ ಇನ್ನೊಂದಕ್ಕೆ, ಹೀಗೆ ತೋಟದ ಒಂದು ಸಾಲು ಮುಗಿಸಿಯೇ ನೆಲಕ್ಕೆ ಕಾಲಿಡುತ್ತಿದ್ದ. ಇಪ್ಪತ್ತು ವರ್ಷದವನಿದ್ದಾಗ ಹೀಗೆ ದಾಟುತ್ತಿದ್ದುದನ್ನು ಜಲಾಲುದ್ದೀನ್ ಸಾಹುಕಾರರು ಕಂಡರು. ಆಗ ಅವರಿನ್ನೂ ಎಳೆಯರು, ತಂದೆ ತೀರಿಕೊಂಡು ಕಟ್ಟಡ ಕೈಗೆ ಬಂದ ಹೊಸತು.

"ನೆಲದ ಮೇಲೆ ನಾವು ನಡೀತೀವಲ್ಲ, ಅದಕ್ಕಿಂತ ಚಂದ ಮರದ ಮೇಲೆ ನಡೀತೀಯಲ್ಲ ಮಾರಾಯ. ನಮ್ಮ ನಾಕುಮಾಳಿಗೆ ಹತ್ತುತೀಯಾ?" ಎಂದರು.

"ಅದು ಅಲ್ಲಾಡಲ್ವಲ್ಲ ಸಾಹುಕಾರ್ರೆ? ಅಲ್ಲಾಡದೆ ಇರೋದನ್ನ ಯಾರು ಬೇಕಾದ್ರೂ ಹತ್ತಬೋದು" ಎಂದ ಗಿಡ್ಡಯ್ಯ.

ಆ ಮಾತಿಗೆ ಸಾಹುಕಾರರು ನಕ್ಕ ನಗು ನಾರ್ವೆಯ ತೋಟದ ಆಚೆಗೂ ಕೇಳಿಸಿತಂತೆ. ಅಂದಿನಿಂದ ಇಪ್ಪತ್ತೇಳು ವರ್ಷ, ಒಂದು ವರ್ಷವೂ ತಪ್ಪದೆ, ಗಿಡ್ಡಯ್ಯ ಆ ಗೋಡೆಗೆ ಸೋಗೆ ಉಡಿಸಿದ.

ಆ ದಿನಗಳನ್ನು ನೆನೆಸಿಕೊಂಡರೆ ಈಗಲೂ ಗಿಡ್ಡಯ್ಯನ ಮುಖ ಬೆಳಗುತ್ತದೆ. ಮೇ ತಿಂಗಳ ಎರಡನೇ ವಾರ ನಾರ್ವೆಯಿಂದ ಎರಡು ಗಾಡಿ ಸೋಗೆ ಪೇಟೆಗೆ ಬರುತ್ತಿತ್ತು. ಗಾಡಿ ಕಂಡ ಕೂಡಲೇ ಅಂಗಡಿಯವರು ಮಳೆಗಾಲ ಬಂತೆಂದು ಕೊಡೆಗಳನ್ನು ಹೊರಗೆ ತೂಗಿಹಾಕುತ್ತಿದ್ದರು. ಗಿಡ್ಡಯ್ಯ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಒಂದು ತೊಲೆಯ ತಲೆಯಿಂದ ಇನ್ನೊಂದಕ್ಕೆ ಕಾಲು ಚಾಚುವಾಗ ಕೆಳಗೆ ಬಸ್ಸು ಕಾಯುವವರು ಬಸ್ಸನ್ನೇ ಮರೆತು ನಿಲ್ಲುತ್ತಿದ್ದರು. ಮಧ್ಯಾಹ್ನ ಸಾಹುಕಾರರ ಮನೆಯಿಂದ ಊಟ ನಾಲ್ಕನೇ ಮಾಳಿಗೆಗೇ ಬರುತ್ತಿತ್ತು. ಸಾಹುಕಾರರೂ ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತ ಎದುರಿಗೆ ಕೂರುತ್ತಿದ್ದರು. ಆ ಹಲಗೆ ಕೋಣೆಯ ಕಿಟಕಿ ತೆರೆದರೆ ಪೇಟೆಯ ಹೆಂಚುಗಳು, ಅದರಾಚೆ ಗುಡ್ಡ, ಗುಡ್ಡದಾಚೆ ಇನ್ನೊಂದು ಗುಡ್ಡ. ಇಬ್ಬರೂ ಅದನ್ನು ನೋಡುತ್ತ ಊಟ ಮುಗಿಸುವರು, ಹೆಚ್ಚು ಮಾತಿಲ್ಲ.

ಸಂತೆಯ ದಿನ ಯಾರು ಬೇಕಾದರೂ ಮೇಲೆ ಹತ್ತಿ ಪೇಟೆ ನೋಡಬಹುದಿತ್ತು. ಸಾಹುಕಾರರು ಬಾಗಿಲು ತೆಗೆದಿಟ್ಟಿರುತ್ತಿದ್ದರು. ಮದುವೆಯಾದ ಹೊಸದರಲ್ಲಿ ಗಿಡ್ಡಯ್ಯ ಹೆಂಡತಿ ಕರಿಯಕ್ಕನನ್ನೂ ಕರೆದುಕೊಂಡು ಹೋಗಿದ್ದ. ಹತ್ತುವಾಗ ಅವಳು ಗಂಡನಿಗಿಂತ ಮುಂದೆ ಹತ್ತಿದಳು. ಕಿಟಕಿಯಿಂದ ಕೆಳಗೆ ನೋಡಿದ್ದೇ, ಕಾಲಿನ ಶಕ್ತಿ ಎಲ್ಲ ಹೋಯಿತು. "ನಾನು ಇಲ್ಲೇ ಇರ್ತೀನಿ, ನೀವು ಮನೆಗೆ ಹೋಗಿ ದನ ಕಟ್ಟಿ ಬನ್ನಿ" ಎಂದು ಕೂತೇಬಿಟ್ಟಳು. ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಕೂತುಕೊಂಡೇ ಇಳಿದಳು. ಇದನ್ನು ಗಿಡ್ಡಯ್ಯ ಇವತ್ತಿಗೂ ಯಾರಾದರೂ ಸಿಕ್ಕರೆ ಹೇಳುತ್ತಾನೆ, ಕರಿಯಕ್ಕ ಇವತ್ತಿಗೂ ಸಿಟ್ಟು ಮಾಡಿಕೊಳ್ಳುತ್ತಾಳೆ.

ಅವನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದು ಇಪ್ಪತ್ತೇಳನೆಯ ವರ್ಷದ ಸಂಗತಿ.

ಆ ವರ್ಷ ಅಡಿಕೆ ಚೆನ್ನಾಗಿ ಹಿಡಿದಿತ್ತು. ದೀಪಾವಳಿ ಕಳೆಯುವ ಹೊತ್ತಿಗೆ ತೋಟಗಳಲ್ಲಿ ಅಡಿಕೆ ಕೊಯ್ಲು ಭರದಿಂದ ಶುರುವಾಯಿತು. ಕೊನೆಗಾರನಿಗೆ ವರ್ಷದ ಅನ್ನ ಹುಟ್ಟುವುದು ಆ ಮೂರು ತಿಂಗಳಲ್ಲೇ. ಸೋಗೆ ಬಿಚ್ಚುವ ಕೆಲಸವೂ ಅದೇ ಹೊತ್ತಿಗೆ ಬೀಳುತ್ತದೆ. ಬೇರೆ ವರ್ಷಗಳಲ್ಲಿ ಹೇಗೋ ಎರಡು ದಿನ ಕದ್ದು ಹೋಗಿ ಬಿಚ್ಚಿ ಬರುತ್ತಿದ್ದ. ಆ ವರ್ಷ ಮಗಳು ಮಲ್ಲಿಕಾಳ ಮದುವೆ ಬೇರೆ ನಿಶ್ಚಯವಾಗಿತ್ತು. ಒಂದು ತೋಟ ಮುಗಿಯುವ ಮೊದಲೇ ಇನ್ನೊಂದು ತೋಟದವರು ಬಂದು ಅಂಗಳದಲ್ಲಿ ನಿಲ್ಲುತ್ತಿದ್ದರು. ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎಂದುಕೊಳ್ಳುತ್ತಲೇ ಸಂಕ್ರಾಂತಿ ಬಂತು. ಸಾಹುಕಾರರು ಒಮ್ಮೆಯೂ ಹೇಳಿಕಳಿಸಲಿಲ್ಲ. ಕೆಲಸದವನಿಗೆ ಕೊಯ್ಲಿನ ಹೊತ್ತಿನಲ್ಲಿ ತೊಂದರೆ ಕೊಡಬಾರದೆಂಬ ದಾಕ್ಷಿಣ್ಯ ಅವರಿಗೆ.

ಕಡೆಗೂ ಗಿಡ್ಡಯ್ಯ ಹೋಗಿ ಸೋಗೆ ಬಿಚ್ಚಿದ್ದು ಫೆಬ್ರವರಿಯಲ್ಲಿ. ಬಿಚ್ಚುತ್ತ ಮೂರನೇ ಮಾಳಿಗೆಯ ಮಟ್ಟಕ್ಕೆ ಬಂದವನು ಅಲ್ಲೇ ನಿಂತ. ನೆಲ ಮುಟ್ಟಿದ್ದ ಸೋಗೆಯನ್ನೇ ಏಣಿ ಮಾಡಿಕೊಂಡು ಗೆದ್ದಲು ಹತ್ತಿತ್ತು. ಅದರ ಮಣ್ಣಿನ ಗೆರೆ ಗೋಡೆಯುದ್ದಕ್ಕೂ ಬಂದು, ತೆಂಕಲ ಮೂಲೆಯಿಂದ ಐದನೆಯ ತೊಲೆಯ ತಲೆಯೊಳಗೆ ಹೊಕ್ಕಿತ್ತು. ಬೆರಳಿನಿಂದ ಒತ್ತಿದ. ಬೆರಳು ಒಳಗೆ ಹೋಯಿತು.

ಕೆಳಗೆ ಸಾಹುಕಾರರು ಕಾಫಿ ಲೋಟ ಹಿಡಿದು ನಿಂತಿದ್ದರು. "ಎಂತಾದ್ರೂ ಇದೆಯನಾ ಗಿಡ್ಡಯ್ಯ?" ಎಂದು ಕೂಗಿದರು. "ಎಂತ ಇಲ್ಲ ಸಾಹುಕಾರ್ರೆ" ಎಂದ ಇವನು. ಹೇಳಬೇಕೆಂದೇ ಬಾಯಿ ತೆರೆದಿದ್ದ, ಬಂದದ್ದು ಆ ಮಾತು. ಗೆರೆಯನ್ನು ಅಂಗೈಯಿಂದ ಒರೆಸಿದ. ಕೈ ಜಾರದಿರಲೆಂದು ಸೊಂಟದ ಚೀಲದಲ್ಲಿಟ್ಟುಕೊಂಡಿದ್ದ ಕೆಮ್ಮಣ್ಣನ್ನು ಎಂಜಲು ಹಾಕಿ ಕಲಸಿ ತೂತಿಗೆ ಮೆತ್ತಿದ. ಮುಂದಿನ ಮೇ ತಿಂಗಳಲ್ಲಿ ಬಂದಾಗ ಹೇಗಾದರೂ ಹೇಳಿಬಿಡಬೇಕು ಎಂದುಕೊಂಡು ಇಳಿದ.

ಮುಂದಿನ ಮೇ ತಿಂಗಳಲ್ಲಿ ಕರೆ ಬರಲೇ ಇಲ್ಲ. ಸಾಹುಕಾರರು ಸುಣ್ಣದ ಗಾರೆ ಕೆರೆಸಿ, ಹೊರಗೆ ಚಾಚಿದ್ದ ತೊಲೆಯ ತಲೆಗಳನ್ನು ಗೋಡೆಯ ಸಮಕ್ಕೆ ಕುಯ್ಯಿಸಿ, ಇಡೀ ಪಡುಗೋಡೆಗೆ ಸಿಮೆಂಟು ಬಳಿಸಿದ್ದರು. ಆಮೇಲೆ ಒಮ್ಮೆ ಪೇಟೆಯಲ್ಲಿ ಸಿಕ್ಕವರು, "ಇನ್ನು ನಿಂಗೆ ಆ ಹತ್ತಿ ಇಳಿಯೋ ಕಷ್ಟ ಇಲ್ಲ ಮಾರಾಯ. ಆದ್ರೂ ಬರ್ತಾ ಇರು" ಎಂದರು. ಗಿಡ್ಡಯ್ಯ ತಲೆಯಾಡಿಸಿದ, ಹೋಗಲಿಲ್ಲ. ಆ ರಸ್ತೆಗೆ ಬಂದರೆ ಮುಖ ಆಚೆ ತಿರುಗಿಸಿಕೊಂಡು ನಡೆದ. ಇಪ್ಪತ್ತಾರು ವರ್ಷ ಹೀಗೇ ನಡೆದ. ಎಂಟು ವರ್ಷದ ಹಿಂದೆ ಸಾಹುಕಾರರು ತೀರಿಕೊಂಡಾಗ ಕಬರಸ್ತಾನದ ಗೇಟಿನವರೆಗೆ ಹೋಗಿ, ಎಲ್ಲರ ಹಿಂದೆ ನಿಂತು, ಯಾರಿಗೂ ಕಾಣದಂತೆ ಬಸ್ಸು ಹತ್ತಿ ಬಂದ.

ಮಣ್ಣಿನಲ್ಲಿ ಕೂಡಿಸಿದ ಗೋಡೆಗೆ ಸಿಮೆಂಟು ಎಂದರೆ ಬೆವರುವ ಮೈಗೆ ಪ್ಲಾಸ್ಟಿಕ್ ಅಂಗಿ. ಹೊರಗಿನ ನೀರು ಬಿರುಕುಗಳಲ್ಲಿ ಒಳಗೆ ಹೋಯಿತು, ಒಳಗಿನದು ಹೊರಗೆ ಬರಲಿಲ್ಲ. ಇಪ್ಪತ್ತಾರು ಮಳೆಗಾಲ ಕುಡಿದ ಗೋಡೆ ಮೊನ್ನೆ ಏಪ್ರಿಲ್ ಹೊತ್ತಿಗೆ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿತ್ತು. ಪಟ್ಟಣ ಪಂಚಾಯಿತಿ ಕಚೇರಿಯಿಂದ ನೋಟೀಸು ಬಂತು: ಮಳೆಗೆ ಮೊದಲು ಕಟ್ಟಡವನ್ನು ಕೆಡವಿ ಇಳಿಸಬೇಕು, ಇಲ್ಲವೇ ಗಟ್ಟಿಯಿದೆ ಎಂದು ತಿಳಿದವರಿಂದ ಬರೆಸಿ ತರಬೇಕು.

ನೋಟೀಸು ಕೈಗೆ ತೆಗೆದುಕೊಂಡದ್ದು ಸಾಹುಕಾರರ ಮಗಳು ಜಹೀದಾ. ಗೋಡೆಗೆ ಸಿಮೆಂಟು ಬೀಳುವ ಕಾಲಕ್ಕೆ ಅವಳು ಮದುವೆಯಾಗಿ ನರಸಿಂಹರಾಜಪುರದಲ್ಲಿದ್ದಳು. ಗಂಡ ತೀರಿಹೋದ ಮೇಲೆ ತವರಿಗೆ ಬಂದು, ಕೆಳಗೆ ಬಟ್ಟೆ ಅಂಗಡಿ ನಡೆಸಿಕೊಂಡು, ಮೇಲಿನ ಅಂತಸ್ತಿನಲ್ಲಿ ವಾಸವಾಗಿದ್ದಾಳೆ. ಅಂಗಡಿ, ಮನೆ, ತಂದೆಯ ನೆನಪು ಎಲ್ಲ ಅವಳಿಗೆ ಒಂದೇ ಸೂರಿನ ಅಡಿ. ಶಿವಮೊಗ್ಗದಿಂದ ಅರ್ಪಣಾ ಎಂಬ ಎಂಜಿನಿಯರನ್ನು ಕರೆಸಿದಳು. ಅರ್ಪಣಾ ಹಳೆಯ ಕಟ್ಟಡಗಳ ವೈದ್ಯೆ. ಎರಡು ದಿನ ಗೋಡೆಗಳಿಗೆ ಕಿವಿ ಕೊಟ್ಟು, ತೊಲೆಗಳನ್ನು ಕೊಡತಿಯಿಂದ ಬಡಿದು ಕೇಳಿ, ಒಂದು ದಾರಿ ಹೇಳಿದಳು: ಸಿಮೆಂಟು ಕಿತ್ತು, ಉಬ್ಬಿದ ಕಡೆ ಗೋಡೆ ಬಿಚ್ಚಿ ಕಟ್ಟಿ ಒಣಗಿಸಬೇಕು, ಮತ್ತೆ ಸುಣ್ಣದ ಗಾರೆ ಹಾಕಬೇಕು, ಅದು ಗಟ್ಟಿಯಾಗುವ ತನಕ ಮೂರು ಮಳೆಗಾಲ ಸೋಗೆ ಕಟ್ಟಬೇಕು.

"ಆದ್ರೆ ಇದೆಲ್ಲ ತೊಲೆಗಳು ಗಟ್ಟಿ ಇದ್ರೆ ಮಾತ್ರ. ಗೋಡೆ ಬಿಚ್ಚಿದಾಗ ಭಾರ ಹೊರೋದು ಅವೇ. ಒಂದು ತೊಲೆಯ ತಲೆ ಕೊಳೆತಿದ್ರೂ ನಾನು ಸಹಿ ಹಾಕಲ್ಲ, ಇಳಿಸೋದೇ ಸರಿ" ಎಂದಳು ಅರ್ಪಣಾ.

ಸೋಗೆಯ ಮಾತು ಬಂದದ್ದೇ ಜಹೀದಾ ಬಸ್ಸು ಹತ್ತಿ ನಾರ್ವೆಗೆ ಬಂದಳು. ಗಿಡ್ಡಯ್ಯ ಅಂಗಳದಲ್ಲಿ ದಬ್ಬೆ ಸೀಳುತ್ತಿದ್ದ. ವಯಸ್ಸು ಎಪ್ಪತ್ತಮೂರು, ಮರ ಹತ್ತುವುದು ಬಿಟ್ಟು ಹತ್ತು ವರ್ಷವಾಗಿದೆ.

"ನೀವು ಹತ್ತೋದು ಬ್ಯಾಡ ಗಿಡ್ಡಯ್ಯಣ್ಣ. ಕೆಳಗೆ ಕುರ್ಚಿ ಹಾಕ್ತೀನಿ, ಕೂತು ಹೇಳಿ ಸಾಕು. ಅಪ್ಪ ಇದ್ದಿದ್ರೆ ನಿಮ್ಮನ್ನೇ ಕರೀತಿದ್ರು" ಎಂದು, ಎಂಜಿನಿಯರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ತೊಲೆಗಳೆಲ್ಲ ಬಡಿದು ನೋಡಿದ್ದಾರಂತೆ, ಎಲ್ಲ ಗಣಗಣ ಎನ್ನುತ್ತವಂತೆ. ಸೋಮವಾರ ಗೋಡೆ ಬಿಚ್ಚುತ್ತಾರಂತೆ. ಅವಳ ಮುಖದಲ್ಲಿ ಅಷ್ಟು ಸಂತೋಷವಿತ್ತು.

ಜಹೀದಾ ಹೋದ ಮೇಲೆ ಗಿಡ್ಡಯ್ಯ ಕತ್ತಿ ಕೆಳಗಿಟ್ಟು ಹಾಗೇ ಕೂತ. ತೊಲೆಯನ್ನು ಒಳಗಿನಿಂದ ಎಷ್ಟು ಬಡಿದರೇನು, ಗೋಡೆಯೊಳಗೆ ಹುದುಗಿದ ತಲೆ ಯಾರಿಗೆ ಕಾಣುತ್ತದೆ? ಹೇಳಿದರೆ ಕಟ್ಟಡ ಇಳಿಯುತ್ತದೆ, ಇಳಿಸಿದವನು ತಾನೇ ಆಗುತ್ತಾನೆ. ಹೇಳದಿದ್ದರೆ ಸೋಮವಾರ ಗೋಡೆ ಬಿಚ್ಚಿದಾಗ ಆ ಟೊಳ್ಳು ತೊಲೆಯ ಅಡಿಯಲ್ಲಿ ಕೆಲಸದವರಿರುತ್ತಾರೆ, ಜಹೀದಾ ಇರುತ್ತಾಳೆ. ಮಧ್ಯಾಹ್ನದ ಊಟಕ್ಕೆ ಕರಿಯಕ್ಕ ಮೂರು ಸಲ ಕರೆದಳು. ನಾಲ್ಕನೇ ಸಲ ಸೌಟು ಹಿಡಿದೇ ಹೊರಗೆ ಬಂದಳು. ಆಗ ಗಿಡ್ಡಯ್ಯ ಎಲ್ಲ ಹೇಳಿದ.

ಕರಿಯಕ್ಕ ಸೌಟು ಹಿಡಿದು ನಿಂತೇ ಇದ್ದಳು. "ಇಪ್ಪತ್ತಾರು ವರ್ಷ ಒಂದೇ ಚಾಪೆ ಮೇಲೆ ಮಲಗಿದ್ವಿ. ನಂಗೂ ಹೇಳ್ಲಿಲ್ಲ ಅಲ್ಲಾ ನೀವು?"

"ಅವತ್ತೇ ಹೇಳಬೇಕಿತ್ತು. ಅಷ್ಟು ಒಳ್ಳೆ ಮನುಷ್ಯನ ಎದುರು ಬಾಯಿ ಬರ್ಲಿಲ್ಲ ಮಾರಾಯ್ತಿ."

"ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ಲ ಅಂತ ಹಿರೇರು ಸುಮ್ನೆ ಹೇಳಿದಾರಾ? ಈಗ ಊಟ ಮಾಡಿ, ಎರಡು ಗಂಟೆ ಬಸ್ಸಿಗೆ ಹೋಗಿ ಹೇಳಿ ಬನ್ನಿ. ಕಟ್ಟಡ ಹೋದ್ರೆ ಇನ್ನೊಂದು ಕಟ್ಟಬೋದು. ಆ ಹೆಂಗಸಿನ ತಲೆ ಮೇಲೆ ತೊಲೆ ಬಿದ್ರೆ ಎಂತ ಮಾಡ್ತೀರಿ?"

ಗಿಡ್ಡಯ್ಯ ಎರಡು ಗಂಟೆಯ ಬಸ್ಸು ಹತ್ತಿದ.

ಎಷ್ಟೋ ವರ್ಷಗಳ ಮೇಲೆ ಆ ಮೆಟ್ಟಿಲುಗಳನ್ನು ಹತ್ತಿದ. ಮರ ಹತ್ತಿ ಪಳಗಿದವನು ಎರಡನೇ ಮಾಳಿಗೆಯಲ್ಲಿ ಒಮ್ಮೆ ಕೂತು ಮತ್ತೆ ಹತ್ತಿದ. ಮೂರನೆಯದರಲ್ಲಿ ಅರ್ಪಣಾ ಗೋಡೆಗೆ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದಳು, ಜಹೀದಾ ಅಳತೆ ಪಟ್ಟಿಯ ತುದಿ ಹಿಡಿದಿದ್ದಳು. ಗಿಡ್ಡಯ್ಯ ನಿಂತಲ್ಲಿಂದಲೇ ಎಣಿಸಿದ. ತೆಂಕಲ ಮೂಲೆಯಿಂದ ಐದನೆಯದು. ಕೈ ಎತ್ತಿ ತೋರಿಸಿದ.

"ಆ ತೊಲೆ ಟೊಳ್ಳು. ಇಪ್ಪತ್ತಾರು ವರ್ಷದ ಹಿಂದೇನೇ ಒರಲೆ ತಿಂದಿದೆ. ಸೋಗೆ ಬಿಚ್ಚಕ್ಕೆ ತಡ ಮಾಡಿದ್ದು ನಾನು. ಮಣ್ಣು ಮೆತ್ತಿ ಮುಚ್ಚಿದ್ದೂ ನಾನೇ" ಎಂದ. ಒಂದೇ ಉಸಿರಿಗೆ ಹೇಳಿ ಮುಗಿಸಿ, ಗೋಡೆ ಹಿಡಿದುಕೊಂಡ.

ಕೆಳಗೆ ಬಸ್ಸೊಂದು ಹಾರನ್ನು ಹೊಡೆಯಿತು. ಜಹೀದಾ ಪಟ್ಟಿಯ ತುದಿ ಬಿಟ್ಟಳು, ಅದು ಸರ್ರನೆ ಸುರುಳಿ ಸುತ್ತಿಕೊಂಡು ಅರ್ಪಣಾಳ ಕೈ ಸೇರಿತು.

"ಅಪ್ಪನಿಗೆ ಗೊತ್ತಿತ್ತಾ?" ಎಂದಳು.

"ಇಲ್ಲಮ್ಮ. ಯಾರಿಗೂ ಗೊತ್ತಿಲ್ಲ."

ಅರ್ಪಣಾ ಹೆಚ್ಚು ಮಾತಿನವಳಲ್ಲ. ಅಂಗಡಿ ಮುಚ್ಚಿಸಿದಳು, ಕೆಳಗಿನ ಅಂತಸ್ತುಗಳಲ್ಲಿದ್ದ ಎಲ್ಲರನ್ನೂ ರಸ್ತೆಗೆ ಕಳಿಸಿದಳು. ತೊಲೆಯ ಎರಡೂ ಪಕ್ಕಕ್ಕೆ ಕಬ್ಬಿಣದ ಊರುಗೋಲು ಕೊಡಿಸಿದಳು. ಆಮೇಲೆ ಉಳಿ ತೆಗೆದುಕೊಂಡು, ತೊಲೆ ಗೋಡೆ ಸೇರುವಲ್ಲಿ ಒಳಗಿನ ಗಾರೆಯನ್ನು ಬಿಡಿಸತೊಡಗಿದಳು. ಮಣ್ಣು ಉದುರಿತು, ಚಪ್ಪಟೆ ಕಲ್ಲೊಂದು ಕಳಚಿ ಬಂತು. ಗಿಡ್ಡಯ್ಯ ಕಣ್ಣು ಮುಚ್ಚಿಕೊಂಡ. ಕಟ್ಟಡದ ಆಯುಸ್ಸು ಇನ್ನು ಆ ಒಂದು ಉಳಿಯ ತುದಿಯಲ್ಲಿತ್ತು.

"ಇದೆಂತದು?" ಎಂದಳು ಅರ್ಪಣಾ.

ಸ್ಕ್ರೂಡ್ರೈವರಿನಿಂದ ಚುಚ್ಚಿದಳು. ಹೋಗಲಿಲ್ಲ. ಜೋರಾಗಿ ಚುಚ್ಚಿದಳು. ಟಣ್ ಎಂದಿತು. ಟಾರ್ಚು ಹಾಕಿ ನೋಡಿದರೆ, ತೊಲೆಯ ಕಪ್ಪಗಾದ ಹಳೆಯ ಮರ ಗೋಡೆಯ ಹತ್ತಿರ ಓರೆಯಾಗಿ ನಿಂತುಹೋಗಿದೆ. ಅಲ್ಲಿಂದ ಮುಂದೆ ಬೇರೆ ಮರ, ಕೆಂಪಗಿನ ಎಳೆಯ ಹೊನ್ನೆ. ಎರಡನ್ನೂ ಒಂದಕ್ಕೊಂದು ಕಚ್ಚಿಸಿ, ಮರದ ಬೆಣೆ ಹೊಡೆದು, ಮೇಲೊಂದು ಕೆಳಗೊಂದು ಕಬ್ಬಿಣದ ಪಟ್ಟಿ ಬಿಗಿಯಲಾಗಿದೆ. ಅದರ ಮೇಲೆ ಗಾರೆ ಬಳಿದು, ಸುಣ್ಣ ಹೊಡೆದು, ಹೊರಗೆ ಏನೂ ಕಾಣದಂತೆ ಮಾಡಲಾಗಿದೆ.

"ಯಾರೋ ಕಸಿ ಕಟ್ಟಿದಾರೆ. ಬಹಳ ಚೆನ್ನಾಗಿ ಕಟ್ಟಿದಾರೆ. ಬೇರೆ ತೊಲೆಗಳಿಗಿಂತ ಇದೇ ಗಟ್ಟಿ ಇದೆ" ಎಂದಳು ಅರ್ಪಣಾ.

ಜಹೀದಾಗೆ ತಂದೆ ಕರೆಸುತ್ತಿದ್ದ ಬಡಗಿ ಒಬ್ಬನೇ ಗೊತ್ತು, ಮುತ್ತಿನಕೊಪ್ಪದ ಬೂತಪ್ಪ. ಈಗ ಹಣ್ಣು ಮುದುಕ, ಆದರೆ ಕಿವಿ ಚುರುಕು. ಅಲ್ಲೇ ನಿಂತು ಫೋನು ಮಾಡಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದಳು.

"ಓ, ಆ ತೊಲೆನಾ? ಹೌದ್ ಮಾರಾಯ್ತಿ, ನಾನೇ ಹಾಕಿದ್ದು. ಒಂದು ವಾರ ಬಾಗ್ಲು ಹಾಕ್ಕೊಂಡು ಒಳಗಿಂದ್ಲೇ ಕೆಲ್ಸ ಮಾಡಿದ್ದೆ. ಹೊನ್ನೆಗೆ ಹೊನ್ನೆನೇ ಆಗ್ಬೇಕು ಅಂತ ನಿಮ್ಮಪ್ಪಂದು ಹಟ."

"ನಮಗ್ಯಾರಿಗೂ ಹೇಳಲೇ ಇಲ್ವಲ್ಲ ನೀವು?"

"ಹೇಳ್ಬ್ಯಾಡ ಅಂತ ಆಣೆ ಹಾಕಿಸ್ಕಂಡಿದ್ರು. ನಾರ್ವೆ ಗಿಡ್ಡಯ್ಯ ಅಂತ ಒಬ್ಬ ಇದ್ನಲ್ಲ, ಸೋಗೆಯವನು. ಪಾಪ, ಬಿಚ್ಚಕ್ಕೆ ತಡ ಮಾಡಿ ಒರಲೆ ಹತ್ತಿತ್ತು. ಮೇಲೆ ಕೂತು ಮಣ್ಣು ಮೆತ್ತಿದ್ದನ್ನ ಸಾಹುಕಾರ್ರು ಕೆಳಗಿಂದ್ಲೇ ನೋಡಿದ್ರಂತೆ. 'ಕೊಯ್ಲು ಬಿಟ್ಟು ಬಾ ಅಂದ್ರೆ ಅವನ ಮನೆ ಒಲೆ ಉರಿಯಲ್ಲ ಬೂತಪ್ಪ. ನಂಗೆ ಗೊತ್ತಾಗಿದೆ ಅಂತ ಅವನಿಗೆ ಗೊತ್ತಾದ್ರೆ ಮತ್ತೆ ಈ ಮನೆ ಕಡೆ ತಲೆ ಹಾಕಲ್ಲ' ಅಂದ್ರು. ವರ್ಷ ವರ್ಷ ಅವನಿಗೆ ಆ ಎಳೆದಾಟ ಬ್ಯಾಡ ಅಂತಲೇ ಸಿಮೆಂಟು ಹಾಕ್ಸಿದ್ದು. ಸಿಮೆಂಟು ಬ್ಯಾಡ, ಗೋಡೆ ಕೆಡುತ್ತೆ ಅಂತ ನಾನು ಬಡ್ಕೊಂಡೆ, ಕೇಳ್ಲಿಲ್ಲ. ಅದಿರ್ಲಿ, ಆ ಗಿಡ್ಡಯ್ಯ ಇದಾನಾ, ಹೋದ್ನಾ?"

"ಇಲ್ಲೇ ನಿಂತಿದಾರೆ" ಎಂದಳು ಜಹೀದಾ.

ಆ ಕಡೆಯಿಂದ "ಅಯ್ಯೋ ಶಿವನೇ" ಎಂದು ಕೇಳಿಸಿತು. ಫೋನು ಕಟ್ಟಾಯಿತು.

ಗಿಡ್ಡಯ್ಯ ಮೆಲ್ಲಗೆ ನೆಲದ ಮೇಲೆ ಕೂತ. ಸಾಹುಕಾರರ ಮನಸ್ಸು ನೋಯುತ್ತದೆಂದು ಇವನು ಹೇಳಲಿಲ್ಲ. ಇವನ ಮುಖ ಸಣ್ಣದಾಗುತ್ತದೆಂದು ಅವರು ಕೇಳಲಿಲ್ಲ. ಗೆದ್ದಲು ತಿಂದದ್ದು ಒಂದು ತೊಲೆಯ ತಲೆ ಮಾತ್ರ. ಗೋಡೆಯನ್ನು ಈ ಗತಿಗೆ ತಂದದ್ದು ಇಬ್ಬರು ಒಳ್ಳೆಯವರ ದಾಕ್ಷಿಣ್ಯ. ನಮ್ಮ ಸೀಮೆಯಲ್ಲಿ ಮನೆ ಮುರಿಯುವುದಕ್ಕೆ ಜಗಳವೇ ಬೇಕೆಂದಿಲ್ಲ, ದಾಕ್ಷಿಣ್ಯ ಸಾಕು. ಗೋಡೆಯದಾದರೂ ಹೋಗಲಿ, ಗಾರೆ ಹಾಕಬಹುದು. ನಾಲ್ಕನೇ ಮಾಳಿಗೆಯ ಕಿಟಕಿಯಲ್ಲಿ ಸಾಹುಕಾರರು ಇರುವ ತನಕ ಜೊತೆಗೆ ಕೂತು ಉಣ್ಣಬಹುದಾಗಿದ್ದ ಹದಿನೆಂಟು ವರ್ಷಗಳನ್ನು ಯಾವ ಮೇಸ್ತ್ರಿ ತಂದುಕೊಡುತ್ತಾನೆ?

"ಒಂದು ಸಲ ಬೈಬೇಕಿತ್ತು ಅವರು. ಎದುರಿಗೆ ನಿಲ್ಸಿ ಒಂದೇ ಒಂದು ಸಲ ಬೈದಿದ್ರೆ, ಮಾರನೇ ದಿನವೇ ನಾನು ಬಂದು ಕಾಲು ಹಿಡೀತಿದ್ದೆ" ಎಂದು ಗಿಡ್ಡಯ್ಯ ಅತ್ತ. ಮುಚ್ಚಿಕೊಳ್ಳದೆ, ಸೊರಸೊರ ಮೂಗೆಳೆಯುತ್ತ ಅತ್ತ. ಜಹೀದಾ ಅವನ ಪಕ್ಕದಲ್ಲಿ ಕೂತಳು. ಅವಳ ಕಣ್ಣಿನಲ್ಲೂ ನೀರಿತ್ತು.

ಅರ್ಪಣಾ ಉಳಿದ ತೊಲೆಗಳ ತಲೆಗಳನ್ನೂ ಬಿಡಿಸಿ ನೋಡಿ, ಎರಡು ದಿನ ಬಿಟ್ಟು ಕಾಗದಕ್ಕೆ ಸಹಿ ಹಾಕಿದಳು. ಸಿಮೆಂಟು ಇಳಿಯಿತು, ಕೆಂಪು ಗೋಡೆ ಬಿಸಿಲು ಕಂಡಿತು. ಕುಯ್ದು ಹಾಕಿದ್ದ ತಲೆಗಳ ಜಾಗಕ್ಕೆ ಹೊಸ ಮರದ ಗೂಟಗಳು ಬಂದವು. ಜೂನ್ ಒಂದರ ಒಳಗೆ ಸೋಗೆ ಕಟ್ಟಿ ಆಯಿತು. ಹತ್ತಿ ಕಟ್ಟಿದವನು ಗಿಡ್ಡಯ್ಯನ ಅಳಿಯ ಸುಂದರೇಶ್, ಅವನೂ ಕೊನೆಗಾರನೇ. ಗಿಡ್ಡಯ್ಯ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, "ಸಂದು ಬಿಡಾ, ಒಂದು ಗೇಣು ಸಂದು ಬಿಡು ಮಾರಾಯ" ಎಂದು ಕೂಗೀ ಕೂಗೀ ಗಂಟಲು ಕಟ್ಟಿಸಿಕೊಂಡ. ಮೊಬೈಲು ಹಿಡಿದು ಫೋಟೋ ತೆಗೆಯಲು ಬಂದವರಿಗೆ ಎರಡು ಬಸ್ಸು ತಪ್ಪಿದವು. ಆ ಮಳೆಗಾಲ ನಾಕು ಮಾಳಿಗೆಯೂ ಸೋಗೆ ಹೊದ್ದು ನಿಂತಿತು, ಗೋಡೆಗೆ ಒಂದು ಹನಿ ತಾಗಲಿಲ್ಲ.

ದೀಪಾವಳಿ ಕಳೆಯಿತು. ಈ ಸಲವೂ ಅಡಿಕೆ ಚೆನ್ನಾಗಿ ಹಿಡಿದಿತ್ತು. ಸುಂದರೇಶನ ಅಂಗಳದಲ್ಲಿ ಬೆಳಗಾದರೆ ಒಬ್ಬೊಬ್ಬ ತೋಟದವರು ಬಂದು ನಿಲ್ಲುತ್ತಿದ್ದರು. ನಾಳೆ ಹೋಗ್ತೀನಿ ಮಾವ ಎಂದ. ನಾಳೆ ಕಳೆದು ನಾಡಿದ್ದಾಯಿತು. ಅಳಿಯನ ಕೆಲಸ ಕೆಡಿಸಲು ಗಿಡ್ಡಯ್ಯನಿಗೂ ಬಾಯಿ ಬರಲಿಲ್ಲ. ಹೇಳಬೇಕು ಎಂದುಕೊಂಡು ಎರಡು ಸಲ ಹೋಗಿ, ಬರೀ ಕಾಫಿ ಕುಡಿದು ಬಂದ.

ಮೂರನೆಯ ದಿನ ಬೆಳಿಗ್ಗೆ ಫೋನು ಬಂತು. ಗಿಡ್ಡಯ್ಯ ಕಿವಿಗೆ ಇಟ್ಟುಕೊಂಡು ಹಲೋ ಎನ್ನುವಷ್ಟರಲ್ಲಿ ಜಹೀದಾಳ ಗಂಟಲು ಕರಿಯಕ್ಕನಿಗೆ ಅಡುಗೆಮನೆಯವರೆಗೆ ಕೇಳಿಸಿತು.

"ಎಂತ ಗಿಡ್ಡಯ್ಯಣ್ಣ, ನೆನಪು ಮಣ್ಣು ಏನಾದ್ರೂ ಇದೆಯಾ ನಿಮಗೆ? ಹಬ್ಬ ಕಳೆದು ಎಷ್ಟು ದಿನ ಆಯ್ತು? ಗೋಡೆ ಏನು ನಿಮ್ಮ ಅಳಿಯನ ಕೊಯ್ಲು ಮುಗಿಯೋ ತನಕ ಕಾಯುತ್ತಾ? ಇವತ್ತು ಹನ್ನೆರಡರೊಳಗೆ ಇಬ್ರೂ ಇಲ್ಲಿರ್ಬೇಕು. ಇಲ್ಲಾಂದ್ರೆ ನಾನೇ ನಾರ್ವೆಗೆ ಬಂದು ನಿಮ್ಮ ಅಂಗಳದಲ್ಲಿ ನಿಂತು ಊರಿಗೆಲ್ಲ ಕೇಳೋ ಹಂಗೆ ಕೂಗ್ತೀನಿ. ನಮ್ಮಪ್ಪನ ಹಂಗೆ ಸುಮ್ನೆ ಇರ್ತೀನಿ ಅಂದ್ಕೊಂಡ್ರಾ?"

ಕರಿಯಕ್ಕ ಕೈ ಒರೆಸಿಕೊಳ್ಳುತ್ತ ಗಾಬರಿಯಿಂದ ಹೊರಗೆ ಬಂದಳು. ಗಂಡ ಕಂಬಕ್ಕೆ ಒರಗಿ ನಿಂತಿದ್ದ. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಬಾಯಿ ಕಿವಿಯವರೆಗೆ ನಗುತ್ತಿತ್ತು.

"ಕೇಳಿಸ್ತಾ ಇದೆಯಾ?" ಎಂದಳು ಜಹೀದಾ ಆ ಕಡೆಯಿಂದ.

"ಕೇಳಿಸ್ತಾ ಇದೆ" ಎಂದ ಗಿಡ್ಡಯ್ಯ. "ಇನ್ನೊಂಚೂರು ಬೈಯಮ್ಮ."